ಬೀಗರ ಊರಿನ ಎರಡು ಚರ್ಚುಗಳು

ಥಾರ್ನ್ಲಿ

ನಮ್ಮ ಬೀಗರಿಗೆ ತಮ್ಮ ಮೂಲದ ಮೇಲೆ ಪ್ರೀತಿ ಹುಟ್ಟಿದ್ದು ಅರವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಅವರು ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲಿ ಮನೆ ಮಾಡಿಕೊಂಡು, ಬಿಯರು, ಫುಟ್‌ಬಾಲು, ಭಾನುವಾರ ಹಿತ್ತಲಿನಲ್ಲಿ ಮಾಂಸ ಸುಡುವ ಬಾರ್ಬಿ ಎಂದು ಸುಖವಾಗಿದ್ದ ಆಸ್ಟ್ರೇಲಿಯನ್. ಹೆಂಡತಿ ತೀರಿಹೋದ ಮೇಲೆ ಕೆಲವರು ಗಾಲ್ಫ್ ಹಿಡಿಯುತ್ತಾರೆ, ಕೆಲವರು ನಾಯಿ ಸಾಕುತ್ತಾರೆ. ಜೀನ್ ಹೋದ ಮೇಲೆ ನಮ್ಮ ಡಗ್ಲಸ್ ಬೀಗರು ಪೂರ್ವಜರನ್ನು ಸಾಕಿಕೊಂಡರು. ಸಣ್ಣ ಸೀಸೆಯಲ್ಲಿ ತಮ್ಮ ಎಂಜಲು ತುಂಬಿ ಅಂಚೆಯಲ್ಲಿ ಕಳಿಸಿದರು. ಅದನ್ನು ಪರೀಕ್ಷೆ ಮಾಡಿದವರು, ನೀವು ಬಹುಮಟ್ಟಿಗೆ ಸ್ಕಾಟಿಷ್ ಎಂದು ತೀರ್ಪು ಕೊಟ್ಟರು. ಎಂಜಲು ಮುಟ್ಟಿದರೆ ಕೈ ತೊಳೆಯಬೇಕೆಂದು ಕಲಿತು ಬೆಳೆದವಳು ನಾನು. ಅದನ್ನು ಪೋಸ್ಟ್ ಮಾಡಿ ಕುಲಗೋತ್ರ ತಿಳಿದುಕೊಳ್ಳಬಹುದೆಂದು ನನಗೆ ಡಾಕ್ಟರಿಕೆ ಕಲಿಸಿದವರು ಯಾರೂ ಹೇಳಿರಲಿಲ್ಲ.

ನನ್ನ ಮಗ ಆದಿತ್ಯ ಅವರ ಮಗಳು ಕರ್ಸ್ಟಿಯನ್ನು ಮದುವೆಯಾಗಿ ಬ್ರಿಸ್ಬೇನ್ ಕಡೆಯ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿದ್ದಾನೆ. ನಾನು, ನನ್ನ ಗಂಡ ಪರ್ತ್‌ನ ಥಾರ್ನ್ಲಿಯಲ್ಲಿ. ಹೀಗೆ ಖಂಡದ ಮೂರು ಮೂಲೆ ಹಿಡಿದುಕೊಂಡಿದ್ದೇವೆ. ಮೊಮ್ಮಗಳು ಐಲಾ ಒಂದು ಸಲ ಸೀನಿದರೆ ಮೂರು ಊರಿನ ಫೋನು ಹೊಡೆದುಕೊಳ್ಳುತ್ತವೆ.

ಒಂದು ಸಂಜೆ ಬೀಗರು ವಿಡಿಯೊ ಕರೆ ಮಾಡಿದರು. "ರಾಗ್ಸ್, ವಸೂ, ಒಂದು ವಿಷಯ ಕೇಳಬೇಕಿತ್ತು."

ರಾಗ್ಸ್ ಎಂದರೆ ನನ್ನ ಗಂಡ ರಾಘವೇಂದ್ರ. ಮಧ್ಯಾಹ್ನವನ್ನೇ 'ಆರ್ವೊ' ಎಂದು ಮೊಟಕು ಮಾಡಿದ ಜನಕ್ಕೆ ಮಂತ್ರಾಲಯದ ರಾಯರು ಯಾವ ಲೆಕ್ಕ?

ವಿಷಯ ಇಷ್ಟು. ಸ್ಕಾಟ್ಲೆಂಡಿನಲ್ಲಿ ಬಾಲ್ಕಾರ್ನಿ ಎಂಬ ಹಳೆಯ ಪ್ಯಾರಿಷ್ ಇದೆ. ಪ್ಯಾರಿಷ್ ಎಂದರೆ ನಮ್ಮ ಹೋಬಳಿ ಇದ್ದ ಹಾಗೆ, ನಾಡಕಚೇರಿ ಇರಬೇಕಾದ ಕಡೆ ಚರ್ಚು ಇರುತ್ತದೆ. ಬೀಗರ ಹಿರಿಯರು ಅಲ್ಲಿಂದ ಹಡಗು ಹತ್ತಿ ಬಂದವರಂತೆ. ಅಲ್ಲಿಯ ಚರ್ಚಿನಲ್ಲಿ ಐಲಾಗೆ ದೀಕ್ಷಾಸ್ನಾನ ಮಾಡಿಸಬೇಕು, ನಾವೂ ಬರಬೇಕು.

"ಜೀನ್‌ಗೂ ಆಸೆ ಇತ್ತು," ಎಂದು ಹೇಳಿ ಬೀಗರು ಕ್ಯಾಮೆರಾ ಬಿಟ್ಟು ಪಕ್ಕಕ್ಕೆ ನೋಡಿದರು.

ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ಗ್ಯಾರೇಜಿನಲ್ಲಿ ನಾವು ಮಗುವಿಗೆ ನಾಮಕರಣ ಮಾಡಿದಾಗ, ಇದೇ ಮನುಷ್ಯ ಪಂಚೆ ಉಟ್ಟು, ಪುರೋಹಿತರು ಏಳಿ ಎನ್ನುವವರೆಗೆ ಕಾಂಕ್ರೀಟಿನ ಮೇಲೆ ಚಕ್ಕಳಮಕ್ಕಳ ಕೂತಿದ್ದರು. ಹೋಮದ ಹೊಗೆಗೆ ಅಲಾರಂ ಬಡಿದುಕೊಂಡು ಬೀದಿಯವರೆಲ್ಲ ಆಚೆ ಬಂದಾಗಲೂ ಅಲ್ಲಾಡಲಿಲ್ಲ. ಭಕ್ತಿಯಿಂದಲ್ಲ, ಕಾಲು ಜೋಮು ಹಿಡಿದಿತ್ತು. ಆದರೂ ಕೂತಿದ್ದು ಕೂತಿದ್ದೇ.

ಮೈಸೂರಿನಿಂದ ನನ್ನ ಅಕ್ಕ ಫೋನು ಮಾಡಿದಳು. "ಏನೇ ವಸು, ಮಗೂನ ಮತಾಂತರ ಮಾಡ್ಬಿಡ್ತಾರಂತಲ್ಲೇ?"

"ಯಾವುದರಿಂದ ಯಾವುದಕ್ಕೆ ಅಕ್ಕಾ? ಸದ್ಯಕ್ಕೆ ಅವಳದ್ದು ಬಾಳೆಹಣ್ಣಿನ ಮತ."

ಹಾಗೆ ಹೇಳಿ ನಕ್ಕೆನೇ ಹೊರತು ಫೋನಿಟ್ಟ ಮೇಲೆ ಎದೆಯೊಳಗೊಂದು ಕಲ್ಲು ಕೂತೇ ಇತ್ತು. ಗಂಡನ ಹತ್ತಿರ ಹೇಳಿಕೊಂಡೆ. ಅವರು ಗಣಿಗಳಲ್ಲಿ ಜಿಯಾಲಜಿಸ್ಟ್ ಆಗಿ ಸವೆದವರು. ಕಲ್ಲಿನ ಬಗ್ಗೆ ಮರುಗುತ್ತಾರೆ, ಉಳಿದದ್ದರ ಬಗ್ಗೆ ಅಷ್ಟಕ್ಕಷ್ಟೇ. "ನೀರು ತಾನೇ ಕಣೇ ಹಾಕೋದು? ಆಸಿಡ್ ಅಲ್ವಲ್ಲ," ಎಂದರು.

ಇನ್ನೊಂದು ಪರ್ತ್

ಬಾಲ್ಕಾರ್ನಿಗೆ ಹೋಗುವ ದಾರಿಯಲ್ಲಿ ಪರ್ತ್ ಸಿಗುತ್ತದೆ. ನಮ್ಮದಲ್ಲ, ಅವರದ್ದು. ಕಾರು ಬಾಡಿಗೆಗೆ ಪಡೆಯುವ ಕಡೆ ಕೌಂಟರಿನ ಹುಡುಗಿ ಕೇಳಿದಳು: "ಎಲ್ಲಿಂದ ಬಂದಿದ್ದೀರಿ?"

"ಪರ್ತ್."

"ಇದೇ ಪರ್ತ್."

"ಹೌದು. ನಾವೂ ಪರ್ತ್‌ನವರೇ."

ಅವಳು ನನ್ನ ಮುಖ ನೋಡಿದಳು, ದನಿ ಏರಿಸಿ ಒಂದೊಂದೇ ಪದ ಬಿಡಿಸಿ ಮತ್ತೆ ಕೇಳಿದಳು. ನಾನು ಆಸ್ಟ್ರೇಲಿಯಾ ಎಂದೆ. "ಓ, ಆ ಹೊಸದು!" ಎಂದು ಕೀಲಿ ಕೊಟ್ಟಳು. ಇಷ್ಟು ವರ್ಷ ನಮ್ಮ ಊರಿನಲ್ಲಿ ಜನರ ಬಿಪಿ ನೋಡಿದ್ದೇನೆ. ನಮ್ಮದು ನಕಲು ಪ್ರತಿ ಎಂದು ಯಾರೂ ಮುಖಕ್ಕೆ ಹೇಳಿರಲಿಲ್ಲ.

ಆದಿ, ಕರ್ಸ್ಟಿ, ಮಗು, ಬೀಗರು ನಮಗಿಂತ ಮೊದಲೇ ಬಂದು ಹೋಟೆಲಿನ ಮುಂದೆ ಕಾಯುತ್ತಿದ್ದರು. ದೂರದಿಂದಲೇ ಬೀಗರು ಕಂಡರು. ಕಾಣದೆ ಇರುವಂತೆಯೇ ಇರಲಿಲ್ಲ. ಚೌಕಳಿ ಚೌಕಳಿಯ, ಲಂಗದಂಥ ಕಿಲ್ಟು, ಮಂಡಿಯವರೆಗೆ ಉಣ್ಣೆಯ ಕಾಲುಚೀಲ, ಸೊಂಟಕ್ಕೆ ಕೂದಲಿನ ಚೀಲ. ಆ ಇಡೀ ಬೀದಿಯಲ್ಲಿ ಸ್ಕಾಟ್ಲೆಂಡಿನ ಉಡುಪಿನಲ್ಲಿದ್ದವರು ಅವರೊಬ್ಬರೇ. ಸ್ಕಾಟ್ಲೆಂಡಿನವರೆಲ್ಲ ಜೀನ್ಸ್ ತೊಟ್ಟು ಅವರನ್ನು ಸುತ್ತು ಹಾಕಿ ಹೋಗುತ್ತಿದ್ದರು.

ನಗಲು ಹೋದವಳು ತಡೆದುಕೊಂಡೆ. ಮೈಸೂರಿನಲ್ಲಿದ್ದಷ್ಟು ದಿನ ಪೇಟ ಮುಟ್ಟದ ನಮ್ಮ ಕನ್ನಡಿಗರು ಪರ್ತ್‌ಗೆ ಬಂದ ಮೇಲೆ ನವೆಂಬರಿನ ಬಿಸಿಲಲ್ಲಿ ಪೇಟ ಸುತ್ತಿಕೊಂಡು, ಹಣೆಯಿಂದ ಬೆವರು ಇಳಿಸುತ್ತಾ ಕನ್ನಡಮ್ಮನ ಮುಂದೆ ನಿಲ್ಲುವುದನ್ನು ಪ್ರತಿ ವರ್ಷ ನೋಡುತ್ತೇನೆ. ಊರು ಬಿಟ್ಟವನಿಗೇ ಊರಿನ ಬಟ್ಟೆ ಬೇಕಾಗುವುದು. ಬೀಗರಿಗೆ ಕನಿಷ್ಠಪಕ್ಷ ಕೆಳಗಿನಿಂದ ಗಾಳಿಯಾಡುತ್ತಿತ್ತು.

ಮಿಲ್ಟನ್

ಬಾಲ್ಕಾರ್ನಿ ಎಂಬುದು ಒಂದು ಊರಲ್ಲ. ಎರಡು ಹಳ್ಳಿ, ನಡುವೆ ಒಂದು ತೊರೆ, ತೊರೆಗೊಂದು ಕಲ್ಲಿನ ಸೇತುವೆ, ಸುತ್ತ ಕುರಿಗಳು. ಅವರ ಭಾಷೆಯಲ್ಲಿ ಕರ್ಕ್ ಎಂದರೆ ಚರ್ಚು. ಹಾಗಾಗಿ ಕರ್ಕ್‌ಟನ್ ಎಂಬುದು ನಮ್ಮ ಗುಡಿಹಳ್ಳಿ. ಮಿಲ್ಟನ್ ಎಂದರೆ ಗಿರಣಿಯ ಊರು. ಗಿರಣಿ ನಿಂತುಹೋಗಿ ತಲೆಮಾರುಗಳಾದವು, ಹೆಸರು ಮಾತ್ರ ಹಿಟ್ಟು ಬೀಸುತ್ತಿದೆ. ಒಂದು ಹಳ್ಳಿಯಲ್ಲಿ ಕೆಮ್ಮಿದರೆ ಇನ್ನೊಂದರಲ್ಲಿ ಕೇಳುವಷ್ಟು ಹತ್ತಿರ. ಅಷ್ಟರಲ್ಲೇ ಎರಡು ಚರ್ಚು, ಒಂದಕ್ಕೊಂದು ಬೆನ್ನು ಮಾಡಿಕೊಂಡು.

"ಇಷ್ಟು ಚಿಕ್ಕ ಊರಿಗೆ ಎರಡು ಯಾಕೆ?" ಎಂದು ಕೇಳಿದೆ.

"ಭಕ್ತರು ಜಾಸ್ತಿ ಇದ್ದಿರಬೇಕು," ಎಂದರು ಬೀಗರು ಹೆಮ್ಮೆಯಿಂದ.

ಕರ್ಸ್ಟಿ ನಮಗೆ ಗೊತ್ತುಮಾಡಿದ್ದ ಬಿಡಾರ ಮಿಲ್ಟನ್ನಿನ ಚರ್ಚೇ. ಚರ್ಚಾಗಿದ್ದದ್ದು ಮುಚ್ಚಿ, ಮಾರಾಟವಾಗಿ, ಈಗ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮನೆ. ಕಮಾನಿನ ಕಿಟಕಿಗಳ ಕೆಳಗೆ ಮಂಚಗಳು. ಪಾದ್ರಿ ನಿಂತು ಉಪದೇಶ ಮಾಡುತ್ತಿದ್ದ ಜಾಗದಲ್ಲಿ ಎರಡು ಬಾಗಿಲಿನ ಫ್ರಿಜ್ಜು. ಬಚ್ಚಲಿನ ಬಾಗಿಲ ಮೇಲೆ ದೇವದೂತನ ಚಿತ್ರ. ಹಿಂದಿನ ಹುಲ್ಲಿನ ಮೇಲೆ ನಾಲ್ಕು ಜನ ಕೂರಬಹುದಾದ ಮರದ ತೊಟ್ಟಿ, ಅದರಲ್ಲಿ ಸದಾ ಹಬೆಯಾಡುವ ಬಿಸಿನೀರು.

ಬೀಗರಿಗೆ ನೋವಾಯಿತು. "ಇದು ಪಾಪ! ದೇವರ ಮನೆಯನ್ನು ಹೀಗೆ ಮಾಡುವುದೇ? ನಮ್ಮ ಹಿರಿಯರ ಚರ್ಚಿಗೆ ಹೀಗಾಗಲು ಅವರು ಬಿಡುತ್ತಿರಲಿಲ್ಲ." ಹೀಗೆ ನೊಂದುಕೊಂಡೇ ಕಿಲ್ಟು ಬಿಚ್ಚಿಟ್ಟು, ಚಡ್ಡಿ ತೊಟ್ಟು, ಬಿಯರ್ ಹಿಡಿದು ತೊಟ್ಟಿಗಿಳಿದರು. ಕತ್ತಿನವರೆಗೆ ಮುಳುಗಿಕೊಂಡು, ಇಂದಿನ ಕಾಲದ ಜನಕ್ಕೆ ಯಾವುದೂ ಪವಿತ್ರವಲ್ಲ ಎಂದರು. ನನ್ನ ಗಂಡ ಎದುರು ಬದಿಯಲ್ಲಿ ಕೂತು ಹೌದು ಹೌದೆಂದರು.

ನಾನು ಒಳಗೆ ಫ್ರಿಜ್ಜಿನ ಪಕ್ಕ ಉಪ್ಪಿಟ್ಟು ತಿರುವುತ್ತಿದ್ದೆ. ಆ ಎತ್ತರದ ಮಾಡಿನ ಕೆಳಗೆ ಒಗ್ಗರಣೆಯ ಚಟಪಟವೂ ಘಂಟಾನಾದದಂತೆ ಮೊಳಗುತ್ತಿತ್ತು.

ಕರ್ಕ್‌ಟನ್

ಮರುದಿನ ಬೆಳಿಗ್ಗೆ ಸೇತುವೆ ದಾಟಿ 'ನಮ್ಮ' ಚರ್ಚಿಗೆ ಹೋದೆವು. ಬೀಗರು ಮತ್ತೆ ಕಿಲ್ಟಿನಲ್ಲಿ. ಕೆಂಪು ಕಲ್ಲಿನ ಗೋಡೆ, ಮೊಂಡು ಗೋಪುರ, ಸುತ್ತಲೂ ಗೋರಿಗಳು, ಬಾಗಿಲಿಗೆ ಬೀಗ. ಬೀಗರು ಬಾಗಿಲು ತಟ್ಟಿದರು. ಒಳಗೆ ದೇವರೊಬ್ಬನೇ ಇದ್ದುದರಿಂದ ಯಾರೂ ತೆಗೆಯಲಿಲ್ಲ. ಬೋರ್ಡು ನೋಡಿದರೆ ತಿಂಗಳಿಗೆ ಒಂದು ಭಾನುವಾರ ಮಾತ್ರ ಪೂಜೆ. ಸುತ್ತಲ ನಾಲ್ಕಾರು ಪ್ಯಾರಿಷ್ಷಿಗೆ ಒಬ್ಬರೇ ಪಾದ್ರಿ.

ನಾವು ಹೀಗೆ ನಿಂತಿರುವಾಗ ನನ್ನ ಗಂಡ ಮಾಯವಾಗಿದ್ದರು. ಹುಡುಕಿದರೆ ಪಕ್ಕದ ಗೋಡೆಯ ಹತ್ತಿರ ಬಗ್ಗಿ, ಕಲ್ಲನ್ನು ನೆಕ್ಕುತ್ತಿದ್ದರು. ಕಲ್ಲಿನ ಕಣ ಎಷ್ಟು ನಯವೆಂದು ಜಿಯಾಲಜಿಸ್ಟರು ನಾಲಿಗೆಯಿಂದ ನೋಡುವುದುಂಟು. ಮದುವೆಯಾದ ಹೊಸದರಲ್ಲಿ ಹೆದರಿದ್ದೆ, ಈಗ ಅಭ್ಯಾಸವಾಗಿದೆ. ಆದರೆ ಅವರ ಬೆನ್ನ ಹಿಂದೆ ಟ್ವೀಡ್ ಕೋಟಿನ ಒಬ್ಬ ಮುದುಕಿ ನಿಂತಿದ್ದರು. ಅವರಿಗೆ ಅಭ್ಯಾಸವಿರಲಿಲ್ಲ.

ಆಕೆಯ ಹೆಸರು ಎಲ್ಸ್‌ಪೆತ್. ಅಲ್ಲಿಯ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದವರು, ಚರ್ಚಿನ ಕೀಲಿ ಅವರ ವಶದಲ್ಲಿ. ಆ ಕಡೆಯ ಇಂಗ್ಲಿಷ್ ಕೇಳಿದರೆ, ಮೈಸೂರಿನವಳಾದ ನನಗೆ ಮೊದಲ ಸಲ ಧಾರವಾಡಕ್ಕೆ ಹೋದಾಗ ಆದ ಹಾಗೇ ಆಯಿತು: ಭಾಷೆ ನಮ್ಮದೇ, ಏಟು ಬಿದ್ದ ಮೇಲೆ ಅರ್ಥವಾಗುವುದು. ಹಾಗಾಗಿ ಆಕೆಯ ಮಾತನ್ನು ಧಾರವಾಡದ ಕನ್ನಡದಲ್ಲೇ ಬರೆಯುತ್ತೇನೆ.

"ಗ್ವಾಡಿ ಯಾಕ ನೆಕ್ಕಲಿಕ್ಕತ್ತೀರಿ?" ಎಂದರು ಎಲ್ಸ್‌ಪೆತ್.

ಗಂಡ ಬೆಚ್ಚಿ ನೆಟ್ಟಗಾದರು. "ಮೇಡಮ್, ನಾನು ಜಿಯಾಲಜಿಸ್ಟ್."

"ಹಂಗಂದ್ರ ಮುಗೀತೇನು? ತಡೀರಿ, ಕೀಲಿ ತೆಗೀತೇನಿ. ಒಳಗಿನ ಗ್ವಾಡಿ ಇನ್ನೂ ರುಚಿ ಅವ."

ಬೀಗರು ಮುಂದೆ ಬಂದು ಕಿಲ್ಟು ಸರಿಪಡಿಸಿಕೊಂಡು ಕೈಕುಲುಕಿದರು. ಆಕೆ ಮೇಲಿಂದ ಕೆಳಗೆ ನೋಡಿ, "ಯಾರದ್ದರೆ ಮದುವಿ ಅದ ಏನು?" ಎಂದು ಕೇಳಿದರು. ಮುಜುಗರ ಮುಚ್ಚಲು ಬೀಗರು ಮಾತು ಬದಲಿಸಿ, ಹತ್ತಿರದಲ್ಲಿ 'ಸರ್ವೋ' ಎಲ್ಲಿದೆ ಎಂದರು. ನಮ್ಮ ಆಸ್ಟ್ರೇಲಿಯಾದಲ್ಲಿ ಸರ್ವೋ ಎಂದರೆ ಪೆಟ್ರೋಲ್ ಬಂಕ್. ಆಕೆ ಅದನ್ನು ಚರ್ಚಿನ ಸರ್ವಿಸ್, ಅಂದರೆ ಪೂಜೆ ಎಂದುಕೊಂಡು, "ನಾಳೆ ಮುಂಜಾನೆ, ಇಲ್ಲೇ," ಎಂದರು. "ಇಲ್ಲಿಯೇ ತುಂಬಿಸಿಕೊಳ್ಳಬಹುದಾ?" ಎಂದು ಬೀಗರು ಬೆರಗಾದರು. "ತುಂಬೂದು ಎಲ್ಲೀದು, ಒಂಬತ್ತು ಮಂದಿ ಬಂದ್ರ ಹೆಚ್ಚು," ಎಂದರು ಎಲ್ಸ್‌ಪೆತ್.

ಒಳಗೆ ಮೂಳೆಗೆ ಇಳಿಯುವ ಚಳಿ. ಉದ್ದುದ್ದ ಬೆಂಚು, ಸುಣ್ಣ ಬಳಿದ ಬೋಳು ಗೋಡೆ. ನಮ್ಮ ದೇವಸ್ಥಾನದ ಎಣ್ಣೆ ಕುಂಕುಮದ ಗದ್ದಲ ಕಂಡವಳಿಗೆ, ದೇವರು ಮನೆ ಖಾಲಿ ಮಾಡಿಕೊಂಡು ಹೋದ ಮೇಲೆ ನಾವು ಬಾಡಿಗೆಗೆ ಬಂದವರ ಹಾಗೆ ಅನಿಸಿತು. ಬೀಗರು ಮಾತ್ರ ಮುಂದಿನ ಬೆಂಚಿನಲ್ಲಿ ಕೂತು ಮರದ ಮೇಲೆ ಕೈಯಾಡಿಸಿದರು. ಕಣ್ಣು ತುಂಬಿತ್ತು. "ನಮ್ಮ ಮಕ್‌ನೀಶ್ ಮನೆತನದವರು ಇಲ್ಲೇ ಕೂತಿದ್ದರು ವಸೂ. ನನಗೆ ಗೊತ್ತಾಗುತ್ತೆ. ಮೈಯಲ್ಲೇ ಗೊತ್ತಾಗುತ್ತೆ."

ಮಕ್‌ನೀಶ್ ಎಂಬ ಹೆಸರು ಕಿವಿಗೆ ಬಿದ್ದದ್ದೇ ಎಲ್ಸ್‌ಪೆತ್ ಮುಖ ಬಿಗಿಯಾಯಿತು. ಏನೋ ಹೇಳಲು ಹೊರಟಿದ್ದರು. ಅಷ್ಟರಲ್ಲಿ ಪಾದ್ರಿ ಬಂದರು.

ಪಾದ್ರಿ ಮೊರಾಗ್ ನಲವತ್ತರ ಹೆಂಗಸು. ಕೆಸರಿನ ಬೂಟು, ಕಾರಿನ ಹಿಂದಿನ ಸೀಟಿನ ತುಂಬ ಮಡಿಸುವ ಕುರ್ಚಿಗಳು. ಕರ್ಸ್ಟಿ ಮೊದಲೇ ಇಮೇಲ್ ಮಾಡಿದ್ದಳು. ಪಾದ್ರಿ, ಮುಖತಃ ಮಾತಾಡಿ ಆಮೇಲೆ ಹೇಳುತ್ತೇನೆ ಎಂದಿದ್ದರು. ಈಗ ನಮ್ಮ ಮಗ ಸೊಸೆಯನ್ನು ಎದುರು ಕೂರಿಸಿಕೊಂಡು ನೇರವಾಗಿ ಕೇಳಿದರು: "ದೀಕ್ಷೆ ಕೊಡಬೇಕಾದರೆ ತಂದೆತಾಯಿ ಮಾತು ಕೊಡಬೇಕಾಗುತ್ತೆ. ದೇವರನ್ನ ನಂಬ್ತೀವಿ, ಮಗೂನ ಚರ್ಚಿನಲ್ಲಿ ಬೆಳೆಸ್ತೀವಿ ಅಂತ. ಕೊಡ್ತೀರಾ?"

ಆದಿ ನನ್ನ ಕಡೆ ನೋಡಿದ. "ಅಮ್ಮಾ, ಐ ಡೋಂಟ್ ನೋ. ಐಯಾಮ್ ನಥಿಂಗ್, ರಿಯಲೀ." ಎದೆ ಹಾಲು ಕುಡಿಸಿ, ಬಾಯಲ್ಲಿ ವಿಷ್ಣು ಸಹಸ್ರನಾಮ ಹೇಳಿಸಿದ ಮಗ, ನಾನು ಏನೂ ಅಲ್ಲ ಎನ್ನುತ್ತಾನೆ!

ಕರ್ಸ್ಟಿ ಅಪ್ಪನ ಕೈ ಹಿಡಿದುಕೊಂಡಳು. "ಸಾರಿ ಡ್ಯಾಡ್. ಬರೋದಾದ್ರೆ ಬರ್ತೀನಿ, ಹಾಡೋದಾದ್ರೆ ಹಾಡ್ತೀನಿ. ಇಲ್ಲಿ ನಿಂತ್ಕೊಂಡು ಸುಳ್ಳು ಹೇಳಕ್ಕಾಗಲ್ಲ."

"ಹಾಗಾದರೆ ದೀಕ್ಷೆ ಆಗಲ್ಲ," ಎಂದರು ಪಾದ್ರಿ, ಮೃದುವಾಗಿಯೇ. "ಬೇಕಾದರೆ ಮಗೂಗೆ ಆಶೀರ್ವಾದ ಮಾಡ್ತೀನಿ. ಅದಕ್ಕೆ ಯಾರೂ ಏನೂ ಮಾತು ಕೊಡಬೇಕಾಗಿಲ್ಲ."

ಬೀಗರು ಎದ್ದು ನಿಂತರು. ಮುಖ ಗೋಡೆಯ ಕಲ್ಲಿನಷ್ಟೇ ಕೆಂಪಾಗಿತ್ತು. "ನಾನು ಭೂಮಿಯ ಆ ತುದಿಯಿಂದ ಬಂದಿದ್ದೀನಿ!"

"ಅಡಿಲೇಡಿನಲ್ಲಿ ಯಾವ ಚರ್ಚಿಗೆ ಹೋಗ್ತೀರಿ ಡಗ್ಲಸ್?"

"ಜೀನ್ ಹೋಗ್ತಿದ್ದಳು."

"ನೀವು?"

ಬೀಗರು ನೆಲ ನೋಡಿದರು. "ಜೀನ್‌ಳ ಅಂತ್ಯಕ್ರಿಯೆಗೆ ಹೋಗಿದ್ದೆ."

ಆಗ ಎಲ್ಸ್‌ಪೆತ್ ಬಾಯಿ ತೆರೆದರು. "ಇನ್ನೊಂದು ಮಾತು ಹೇಳಿಬಿಡ್ತೇನಿ. ನಿಮ್ಮವ್ರು ಇಲ್ಲಿ ಕೂತಿದ್ದು ಸುಳ್ಳು. ಮಕ್‌ನೀಶ್ ಅಣ್ಣತಮ್ಮರು ಇಬ್ಬರಿದ್ರು. ಪಾದ್ರಿನ್ನ ಜಮೀನ್ದಾರ ನೇಮಿಸಬೇಕೋ, ಊರ ಮಂದಿ ಆರಿಸಬೇಕೋ ಅಂತ ಜಗಳ ಬಿತ್ತು. ಅರ್ಧ ಊರು ಎದ್ದು ಹೋಗಿ ಮಿಲ್ಟನ್‌ನಾಗ ಬ್ಯಾರೆ ಚರ್ಚ್ ಕಟ್ಟಿಸ್ತು. ಅಣ್ಣ, ಅಂದ್ರ ನನ್ನ ಅಜ್ಜನ ಅಜ್ಜ, ಇಲ್ಲೇ ಕೂತ. ಅವನ ತಮ್ಮ ಎದ್ದು ಹೋದ. ಆ ತಮ್ಮನ ಮಂದಿನೇ ಆಮ್ಯಾಲ ಹಡಗ ಹತ್ತಿ ಆಸ್ಟ್ರೇಲಿಯಾಕ್ಕ ಹೋದ್ರು. ನೀವು ಎದ್ದು ಹೋದವ್ರು. ನಿಮ್ಮದು ಆ ಬಿಸಿನೀರಿನ ಚರ್ಚ್."

ಅರ್ಥವಾಗಲು ಬೀಗರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಪಾಪವೆಂದು ಶಪಿಸುತ್ತಾ ಅವರು ಬಿಯರ್ ಕುಡಿದದ್ದು ತಮ್ಮ ಹಿರಿಯರ ಅಂಗಳದಲ್ಲೇ.

"ಅಂದರೆ ನೀವು ನನಗೆ..."

"ದಾಯಾದಿ," ಎಂದರು ಎಲ್ಸ್‌ಪೆತ್. ಅವರ ಇಂಗ್ಲಿಷಿನಲ್ಲಿ ಅದು 'ದೂರದ ಕಸಿನ್' ಎಂದಷ್ಟೇ ಇತ್ತು. ಆದರೆ ಆ ದನಿಗೆ ನಮ್ಮ ಪದವೇ ಸರಿ. "ಎರಡೂ ಚರ್ಚ್ ನಮ್ಮಪ್ಪನ ಕಾಲಕ್ಕ ರಾಜಿ ಆಗಿ ಒಂದಾದವು. ನಮ್ಮ ಮನ್ಯಾಗ ಮಾತ್ರ ಯಾರೂ ಇವತ್ತಿನ ತನಕ ಮಿಲ್ಟನ್ನಿನ ಹೊಸ್ತಿಲ ತುಳಿದಿಲ್ಲ."

ದೀಕ್ಷೆ ಇಲ್ಲವೆಂದಾಗ ಮನಸ್ಸಿನಲ್ಲೇ ಒಂದು ತೆಂಗಿನಕಾಯಿ ಒಡೆದಿದ್ದೆ, ಸುಳ್ಳೇಕೆ. ಈಗ ಬೀಗರು ಜಾರಿದ ಕಾಲುಚೀಲವನ್ನು ಎಳೆದುಕೊಳ್ಳುತ್ತಾ, ಯಾರ ಮುಖವನ್ನೂ ನೋಡದೆ ಹೊರಗೆ ಹೋಗುವುದನ್ನು ಕಂಡಾಗ ಆ ಕಾಯಿಯ ಹೋಳು ಗಂಟಲಿಗೆ ಸಿಕ್ಕಿಕೊಂಡ ಹಾಗಾಯಿತು.

ಸೇತುವೆಯ ಮೇಲೆ ಗಂಡ ನನ್ನ ಕಿವಿಯಲ್ಲಿ, "ನಮ್ಮ ಸಂಘದ ಕಥೆ ಅಲ್ವೇನೇ?" ಎಂದರು. ಅಲ್ಲವೆನ್ನುವ ಹಾಗಿರಲಿಲ್ಲ. ನಮ್ಮ ಊರಿನ ಕನ್ನಡಿಗರು ಯುಗಾದಿ ಊಟದ ಹೋಳಿಗೆಯನ್ನು ಮನೆಯಲ್ಲಿ ಬೇಯಿಸಬೇಕೋ ಹೊರಗಿಂದ ತರಿಸಬೇಕೋ ಎಂದು ಜಗಳವಾಡಿ ಎರಡು ಹೋಳಾಗಿದ್ದಾರೆ. ಈಗ ಎರಡು ರಾಜ್ಯೋತ್ಸವ, ಎರಡು ಭುವನೇಶ್ವರಿ, ಅಂಗಡಿಯಲ್ಲಿ ಎದುರಾದರೆ ಬೇಳೆ ಪ್ಯಾಕೆಟ್ಟಿನ ಹಿಂದೆ ಮುಖ ಮರೆಸಿಕೊಳ್ಳುವ ಅಂಕಲ್ ಆಂಟಿಯರು. ಈ ಬಾಲ್ಕಾರ್ನಿಯವರು ಪಾದ್ರಿಯನ್ನು ಆರಿಸುವ ಹಕ್ಕಿಗಾಗಿ ಒಡೆದರು. ನಾವು ಹೂರಣಕ್ಕಾಗಿ ಒಡೆದೆವು.

ಭಾನುವಾರ

"ನಾನು ಬರಲ್ಲ," ಎಂದರು ಬೀಗರು ಬೆಳಿಗ್ಗೆ. "ನಮ್ಮವರು ಎದ್ದು ಬಂದವರಲ್ಲವೇ? ನಾನೂ ಎದ್ದು ಬಂದಿದ್ದೇನೆ." ಅಷ್ಟು ವರ್ಷ ಹುಡುಕಿದ ವಂಶದ ಸಂಪ್ರದಾಯ ಕೊನೆಗೂ ಸಿಕ್ಕಿತ್ತು, ಅದನ್ನು ನಿಷ್ಠೆಯಿಂದ ಪಾಲಿಸಲು ಕೂತರು.

ಉಳಿದವರು ಹೋದೆವು. ಆಶೀರ್ವಾದ ಎಂದಿದ್ದಾರಲ್ಲ, ಮಾತು ಮೀರಬಾರದು ಎಂದು. ನಮ್ಮನ್ನು ಬಿಟ್ಟರೆ ನಾಲ್ಕು ಮುದುಕಿಯರು, ಒಬ್ಬ ಮುದುಕ. ಆರ್ಗನ್ ನುಡಿಸುವವರು ತೀರಿಕೊಂಡಿದ್ದರಿಂದ ಹಾಡಿಗೆ ಒಂದು ಯಂತ್ರ. ಪುಸ್ತಕದಲ್ಲಿ ಹಾಡು ಮುಗಿದ ಮೇಲೂ ಯಂತ್ರ ಇನ್ನೊಂದು ನುಡಿ ನುಡಿಸಿತು. ಎಲ್ಲರೂ ಹೂಂ ಹೂಂ ಎಂದು ಮೂಗಿನಲ್ಲಿ ಗುನುಗಿ ಮರ್ಯಾದೆ ಉಳಿಸಿದರು. ನನ್ನ ಗಂಡ ಅದಕ್ಕೆ ಸರಿಯಾಗಿ ತಲೆದೂಗುತ್ತಾ ತೊಡೆಯ ಮೇಲೆ ತಾಳ ಹಾಕಿದರು. ಮುಂದಿನ ಬೆಂಚಿನ ಮುದುಕಿ ಹಿಂತಿರುಗಿ ನೋಡಿದ ಮೇಲೆ ನಿಲ್ಲಿಸಿದರು.

ಕೊನೆಯಲ್ಲಿ ಪಾದ್ರಿ ಪ್ರಕಟಣೆ ಓದಿದರು. ಗುರುವಾರ ಸೂಪ್ ಊಟ. ಮೇಲಿನ ತೋಟದ ಗೇಟು ಮುಚ್ಚಿಡಬೇಕು, ಕುರಿ ನುಗ್ಗುತ್ತಿವೆ. ಅದೇ ದನಿಯಲ್ಲಿ ಮೂರನೆಯದು: ಕ್ರಿಸ್‌ಮಸ್ ಆದ ಮೇಲೆ ಈ ಕಟ್ಟಡದಲ್ಲಿ ಪೂಜೆ ಇರುವುದಿಲ್ಲ, ಚರ್ಚನ್ನು ಮಾರಾಟಕ್ಕೆ ಇಡಲು ತೀರ್ಮಾನವಾಗಿದೆ.

ಯಾರೂ ಗೊಣಗಲಿಲ್ಲ. ಮೊದಲೇ ತಿಳಿದಿದ್ದ ಸುದ್ದಿ ಇರಬೇಕು. ಎಲ್ಸ್‌ಪೆತ್ ಮಾತ್ರ ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿ ಕೂತರು. ನೋವು ಇಲ್ಲ ಇಲ್ಲ ಎಂದು ಹೇಳುವ ರೋಗಿಗಳು ನನ್ನ ಕ್ಲಿನಿಕ್ಕಿನಲ್ಲಿ ಹೀಗೇ ಕೂರುತ್ತಾರೆ.

ಹೊರಗೆ ಬಂದ ಮೇಲೆ ನನ್ನೊಳಗಿನ ಡಾಕ್ಟರ್ ಸುಮ್ಮನಿರಲಿಲ್ಲ. "ಮಗೂಗೆ ಆಶೀರ್ವಾದ ಇಲ್ಲಿ ಬೇಡ, ಮಿಲ್ಟನ್ನಿನಲ್ಲಿ ಮಾಡಿ," ಎಂದು ಪಾದ್ರಿಗೆ ಹೇಳಿದೆ. "ಅಜ್ಜ ಇಲ್ಲದೆ ಏನು ಚೆನ್ನ? ಬಿಸಿಬೇಳೆಬಾತ್ ಮಾಡ್ತೀನಿ. ಮೇಡಮ್, ನೀವೂ ಬನ್ನಿ."

"ನಾ ಬರಂಗಿಲ್ಲ," ಎಂದರು ಎಲ್ಸ್‌ಪೆತ್. "ಹೇಳೇನಲ್ಲ, ಆ ಚರ್ಚಿಗೆ ನಾವು ಹೋಗೂದಿಲ್ಲ."

"ಅದು ಚರ್ಚಲ್ಲ ಮೇಡಮ್. ಅಡುಗೆಮನೆ."

ಆಕೆ ಸೇತುವೆಯ ಕಡೆ ನೋಡಿದರು. ತಿರುಗಿ ತಮ್ಮ ಗೋಪುರದ ಕಡೆ ನೋಡಿದರು. "ಖಾರ ಹಾಕ್ತೀರೇನು?"

"ಕಡಿಮೆ ಹಾಕ್ತೀನಿ."

"ಯಾಕ? ನನಗೇನು ಹಲ್ಲಿಲ್ಲೇನು?" ಎಂದು ಆಕೆ ನಮಗಿಂತ ಮುಂದಾಗಿ ನಡೆದರು.

ಮತ್ತೆ ಮಿಲ್ಟನ್

ತಲೆಮಾರುಗಳ ನಂತರ ಮಕ್‌ನೀಶ್ ಮನೆತನ ಮುಖಾಮುಖಿಯಾದದ್ದು ಹೀಗೆ: ಅಣ್ಣನ ಕಡೆಯವರು ಟ್ವೀಡ್ ಕೋಟು, ಭಾನುವಾರದ ಟೊಪ್ಪಿಯಲ್ಲಿ ಹುಲ್ಲಿನ ಮೇಲೆ ನಿಂತಿದ್ದರು. ತಮ್ಮನ ಕಡೆಯವರು ಸೋನೆ ಮಳೆಯಲ್ಲಿ ಕ್ರಿಕೆಟ್ ಟೊಪ್ಪಿ ಹಾಕಿಕೊಂಡು, ಹಬೆಯಾಡುವ ತೊಟ್ಟಿಯಲ್ಲಿ ಎದೆಯವರೆಗೆ ಕೂತಿದ್ದರು.

"ಎದ್ದು ಬರೂದು ನಿಮಗ ರೂಢಿ ಅದಲ್ಲ," ಎಂದರು ಎಲ್ಸ್‌ಪೆತ್. "ಏಳ್ರಿ."

ಬೀಗರು ಎದ್ದರು. ಆದಿ ಟವೆಲ್ ಕೊಟ್ಟ.

ಎಲ್ಸ್‌ಪೆತ್ ಹೊಸ್ತಿಲಲ್ಲಿ ಒಂದು ಕ್ಷಣ ತಡೆದು ಒಳಗೆ ಬಂದರು. ಅವರ ಕಣ್ಣು ಕಮಾನು, ಮಂಚ, ಸೋಫಾ ಎಲ್ಲ ಸುತ್ತಿ ಬಂತು. ಉಪದೇಶದ ಪೀಠ ಎಲ್ಲಿತ್ತೆಂದು ಕೇಳಿದರು. ಕರ್ಸ್ಟಿ ಫ್ರಿಜ್ಜು ತೋರಿಸಿದಳು. ಆಕೆ ಹೋಗಿ ಅದರ ಮುಂದೆ ನಿಂತರು. "ಇಲ್ಲಿಂದ ವಾರಾ ವಾರಾ ನಮ್ಮನ್ನ ಬೈತಿದ್ರಂತ," ಎಂದು ಬಾಗಿಲು ತೆರೆದು ಒಳಗೆ ಬಗ್ಗಿ ನೋಡಿ, ಬೀಗರ ಬಿಯರಿನಲ್ಲಿ ಒಂದನ್ನು ಎತ್ತಿಕೊಂಡರು.

ಊಟಕ್ಕೆ ಮೊದಲು ಆಶೀರ್ವಾದ. ಪಾದ್ರಿ, ನೀರಿನ ಅಗತ್ಯವಿಲ್ಲ, ಇದು ದೀಕ್ಷೆಯಲ್ಲ ಎಂದರು. ಆದರೆ ನಾನು ಬೇಳೆ ತೊಳೆದು, ಬೇರೆ ನೀರು ತುಂಬಿಟ್ಟಿದ್ದ ಸ್ಟೀಲ್ ಪಾತ್ರೆ ಐಲಾಳ ಕೈಗೆ ನಿಲುಕುವಂತಿತ್ತು. ಪಾದ್ರಿ ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದ್ದೇ ಅವಳು ಎರಡೂ ಕೈಯಿಂದ ನೀರು ಬಡಿದಳು. ಪಾದ್ರಿಯ ಕೂದಲು, ಕನ್ನಡಕ, ಕೊರಳಪಟ್ಟಿ ಎಲ್ಲ ತೋಯ್ದವು.

"ಸರಿ, ನನಗಂತೂ ದೀಕ್ಷೆ ಆಯಿತು," ಎಂದು ಮೊರಾಗ್ ಮುಖ ಒರೆಸಿಕೊಂಡರು. "ಈಗ ಮಗುವಿನ ಹೆಸರು ಹೇಳಿ."

ಆದಿ ಬಾಯಿ ತೆರೆದ. ಬೀಗರು ಟವೆಲನ್ನು ಎದೆಗೆ ಬಿಗಿಹಿಡಿದು, ಮಗಳ ಮುಖ ನೋಡುತ್ತಾ ಕೇಳಿದರು: "ಮಧ್ಯದಲ್ಲಿ ಒಂದು ಹೆಸರು ಸೇರಿಸಬಹುದಾ, ಲವ್? ಇವತ್ತಿಗೆ ಮಾತ್ರ?"

ಕರ್ಸ್ಟಿ ಹೂಂ ಎಂದು ತಲೆಯಾಡಿಸಿದಳು.

"ಐಲಾ ಜೀನ್ ಷಾರ್‌ಡಾ," ಎಂದರು ಬೀಗರು. ಶಾರದಾ ನನ್ನ ಅಮ್ಮ. ನಾಮಕರಣದ ದಿನ ಅಕ್ಕಿಯಲ್ಲಿ ಬರೆಸಿದ ಹೆಸರು ಅದು. ಸರಸ್ವತಿಯನ್ನು ಅಷ್ಟು ಕೆಟ್ಟದಾಗಿ ಯಾರೂ ಉಚ್ಚರಿಸಿರಲಾರರು. ನಾನು ತಿದ್ದಲಿಲ್ಲ.

ಪಾದ್ರಿ ಮೂರೂ ಹೆಸರನ್ನು ಹೇಳಿ ಮಗುವಿನ ತಲೆ ಮುಟ್ಟಿದರು. ಬೀಗರು ಇಷ್ಟು ದೂರ ಹೊತ್ತು ತಂದದ್ದು ಚರ್ಚನ್ನಲ್ಲ, ಕಿಲ್ಟನ್ನೂ ಅಲ್ಲ. ಆ ಮಧ್ಯದ ಹೆಸರನ್ನು ಎಲ್ಲಾದರೂ ಗಟ್ಟಿಯಾಗಿ ಹೇಳಿಸಬೇಕಿತ್ತು, ಅಷ್ಟೇ. ನನಗೆ ಇದು ಹೊಳೆಯಲು ಸ್ಕಾಟ್ಲೆಂಡಿನವರೆಗೆ ಬರಬೇಕಾಯಿತು.

ಊಟದಲ್ಲಿ ಎಲ್ಸ್‌ಪೆತ್ ಎರಡನೆಯ ಸಲ ಬಡಿಸಿಕೊಂಡರು, ಮೂಗು ಸೋರಿದರೂ ಖಾರವೆನ್ನಲಿಲ್ಲ. ಮೊರಾಗ್ ನನ್ನನ್ನು ಕೇಳಿದರು: "ನೀವು ಪರ್ತ್‌ನಲ್ಲಿ ದೇವಸ್ಥಾನಕ್ಕೆ ಹೋಗ್ತೀರಾ?"

"ಹಬ್ಬಕ್ಕೆ ಹೋಗ್ತೀವಿ."

"ಪೂಜೆಗೋ, ಊಟಕ್ಕೋ?"

ಗಂಡ ಬಾಯಿ ತುಂಬ ಬಾತ್ ಇಟ್ಟುಕೊಂಡೇ, "ಊಟಕ್ಕೆ," ಎಂದುಬಿಟ್ಟರು.

"ನೀವೇ ವಾಸಿ. ನಮ್ಮವರು ಸತ್ತ ಮೇಲೆ ಬರ್ತಾರೆ. ಆಗ ಏನು ಬಡಿಸಲಿ?"

ಮರುದಿನ ನಾವು ಹೊರಡುವಾಗ ಎಲ್ಸ್‌ಪೆತ್ ಸೇತುವೆ ದಾಟಿ ಬಂದರು. ಬೀಗರು ಪ್ಯಾಂಟು ತೊಟ್ಟಿದ್ದರು, ಕಿಲ್ಟು ಸೂಟ್‌ಕೇಸಿನ ತಳ ಸೇರಿತ್ತು. ಅಡಿಲೇಡಿಗೆ ಬನ್ನಿ, ಮನೆ ದೊಡ್ಡದಿದೆ, ನಾನೊಬ್ಬನೇ ಇರುವುದು ಎಂದು ಅವರು ಕರೆದರು.

"ಅಷ್ಟ ದೂರ ನನ್ನ ಕೈಲಿಂದ ಆಗೂದಿಲ್ಲ. ನೀವ ಬರ್ರಿ," ಎಂದರು ಆಕೆ. "ಮುಂದಿನ ಸರ್ತಿ ನಮ್ಮ ಚರ್ಚಿನಾಗ ಇಳಕೋಬಹುದು. ಅಷ್ಟೊತ್ತಿಗೆ ಅದರಾಗೂ ಒಂದ ಫ್ರಿಜ್ ಇಟ್ಟಿರ್ತಾರ."

ಇಡೀ ದಾರಿ ಪೂರ್ವಜರ ಬಗ್ಗೆ ಮಾತಾಡುತ್ತಾ ಬಂದ ಬೀಗರು ಕಾರಿನ ಹಿಂದಿನ ಬಾಗಿಲು ತೆಗೆದರು. ಸೀಟಿಗೆ ಬಿಗಿದಿದ್ದ ಮಗುವಿನ ಬೆಲ್ಟನ್ನು ಮತ್ತೆ ಬಿಚ್ಚಿ, ಐಲಾಳನ್ನು ಎತ್ತಿ ಆಕೆಯ ಕೈಗೆ ಕೊಟ್ಟರು. ಹೆಡ್‌ಮಿಸ್ಟ್ರೆಸ್ಸರ ಕೈಗಳು ಮಗುವನ್ನು ಹಿಡಿದು ಬಹಳ ಕಾಲವಾಗಿತ್ತೆಂದು ಕಾಣುತ್ತದೆ. ಮೊದಲು ಬಿಗಿಯಾಗಿದ್ದವು, ಆಮೇಲೆ ಸಡಿಲವಾದವು. ಐಲಾ ಆಕೆಯ ಟ್ವೀಡ್ ಕೋಟಿನ ಗುಂಡಿಯನ್ನು ಬಾಯಿಗೆ ಹಾಕಿಕೊಂಡಳು. ಆಕೆ ಬಿಡಿಸಿಕೊಳ್ಳಲಿಲ್ಲ. ಕಾರಿನ ಎಂಜಿನ್ ಓಡುತ್ತಿತ್ತು, ವಿಮಾನಕ್ಕೆ ತಡವಾಗುತ್ತಿತ್ತು. ನನ್ನ ಗಂಡ ಕೈಚಾಚಿ ಎಂಜಿನ್ ಆರಿಸಿದರು.